ಕಡವು ಮುಚ್ಚಿದ ದಿನ

"ಆ ಕಂಬ ಅಲ್ಲಿ ನೆಟ್ರೆ ನಿಮ್ಮನ್ನೂ ಅದರ ಜೊತೆಗೇ ಹೊಳೆಗೆ ಹಾಕ್ತೀನಿ!"

ಗುಂಡಿ ತೋಡುತ್ತಿದ್ದವಳು ಬೆಚ್ಚಿ ತಿರುಗಿದಳು. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ದೋಣಿಯವನ ಕಣ್ಣು ಕೆಂಡವಾಗಿತ್ತು.

"ಹಾಕಿ, ನೋಡೇ ಬಿಡೋಣ! ನನಗೆ ಈಜು ಬರುತ್ತೆ," ಅಂದಳು.

ಬರುತ್ತಿರಲಿಲ್ಲ.

ಹೊಳೆಗುಂಟ ಸಾಗುವ ಸೈಕಲ್ ದಾರಿಗೆ ಬಾಣದ ಗುರುತು ಬರೆಯುವುದು, ಫಲಕ ನೆಡುವುದು ಅವಳ ಕೆಲಸ. ಹಳೆಯ ರೈಲು ಹಳಿ ಕಿತ್ತು ಮಾಡಿದ ದಾರಿ ಅದು. ಕಾರು, ಬೈಕು, ಲಾರಿ ಒಂದೂ ಒಳಗೆ ನುಗ್ಗದಂತೆ ಎರಡು ತುದಿಯಲ್ಲೂ ಕಬ್ಬಿಣದ ಗೂಟಗಳು. ಚೀಲ ಬಿಗಿದುಕೊಂಡು ದೂರದೂರದಿಂದ ಬರುವ ಸವಾರರು ಕಣಿವೆಯುದ್ದಕ್ಕೂ ಒಂದು ಹಾರನ್ ಕೂಡ ಕೇಳದೆ ಹೋಗಬಹುದಿತ್ತು. ಈ ಜಾಗದಲ್ಲಿ ಮಾತ್ರ ಹೊಳೆ ದಾಟಬೇಕು. ಕಚೇರಿಯ ನಕ್ಷೆಯ ಬಾಣ ಮೇಲಿನ ಹೆದ್ದಾರಿ ಸೇತುವೆಯತ್ತ ತಿರುಗಿತ್ತು. ಜನ ದೋಣಿಯಲ್ಲಿ ಹೊಳೆ ದಾಟುವ ಈ ಕಡವಿನ ಸುದ್ದಿಯೇ ಅದರಲ್ಲಿರಲಿಲ್ಲ.

"ನಮ್ಮಪ್ಪ ಜನಾನ ದಾಟಿಸಿದ ಕಡವು ಮೇಡಂ ಇದು. ಒಂದ್ಸಲ ಕೂತು ನೋಡಿ. ಆಮೇಲೆ ನಿಮ್ಮಿಷ್ಟ."

ಸೈಕಲ್ ಸಮೇತ ಹತ್ತಿದಳು. ನಡುಹೊಳೆಯಲ್ಲಿ ಅವನು ಹುಟ್ಟು ಎತ್ತಿಟ್ಟ.

"ಏನಾದ್ರೂ ಕೇಳಿಸ್ತಾ?"

"ಇಲ್ಲ..."

"ಅಷ್ಟೇ ನಾನು ಹೇಳೋದು. ಸೇತುವೆ ಮೇಲೆ ಲಾರಿಗಳು ಮೈಮೇಲೇ ಬರ್ತವೆ. ಸೈಕಲ್‌ನವರು ಅಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ದಾಟಬೇಕು. ಇಲ್ಲಿ ಬರೀ ಸೈಕಲ್ ಹಿಡ್ಕೊಂಡ್ರೆ ಸಾಕು."

ಅವಳಿಗೆ ನಗು ತಡೆಯಲಾಗಲಿಲ್ಲ. ಆ ದಿನ ಬಾಣ ಹೊಳೆಯ ಕಡೆಗೇ ತಿರುಗಿತು. ಅವಳ ಮನಸ್ಸೂ!

ಬೇಸಿಗೆಯಿಡೀ ಆ ಕಡವಿನಲ್ಲಿ ಅವಳಿಗೆ ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು. ಇಂದು ಬಣ್ಣ ಮಾಸಿದೆ, ನಾಳೆ ಮೊಳೆ ಸಡಿಲವಾಗಿದೆ. ಸವಾರರಿಗೆ ತಂಗಲು ಕೋಣೆ ಕೊಡುತ್ತಿದ್ದ ಅವನ ಚಿಕ್ಕಮ್ಮ, "ಬಾಣದಮ್ಮ ಬಂದ್ಲು ನೋಡೋ, ಮುಖ ತೊಳ್ಕೋ," ಎಂದು ಬೇಕಂತಲೇ ಜೋರಾಗಿ ಕೂಗುತ್ತಿದ್ದಳು. ಅವನು ಕಿವಿ ಕೆಂಪಾಗಿ ದೋಣಿಯೊಳಗಿನ ಇಲ್ಲದ ನೀರನ್ನು ಮೊಗೆದು ಚೆಲ್ಲುತ್ತಿದ್ದ.

'ಹೇಳಿಬಿಡಲಾ? ಬೇಡ... ಅವರೇ ಮೊದಲು ಹೇಳಲಿ.'

ಅವನದೂ ಅದೇ ಹಟವಿತ್ತೇನೋ. ಇಬ್ಬರೂ ಹೇಳಲಿಲ್ಲ.

ಮಳೆಗಾಲ ಹತ್ತಿರವಾದಾಗ ಕಚೇರಿಯ ಮೇಲ್ವಿಚಾರಕ ಅವಳನ್ನು ಕರೆದ. "ಆ ದೋಣಿ ರಗಳೆ ಸಾಕು. 'ಕಡವು ಶಾಶ್ವತವಾಗಿ ಮುಚ್ಚಿದೆ' ಅಂತ ಒಂದು ಬೋರ್ಡ್ ಬರೆದಿಡಿ."

ವಾದಿಸಿದಳು. ಬೇಡಿಕೊಂಡಳು. ಕೊನೆಗೆ ಬೋರ್ಡು ಬರೆದು, ನೆಡದೆ, ಸಾಮಾನಿನ ಕೋಣೆಯಲ್ಲಿ ಹಳೇ ಟೈರುಗಳ ಹಿಂದೆ ಬಚ್ಚಿಟ್ಟಳು. ಮೇಲಿನವರನ್ನು ಕಂಡು ಹೇಗಾದರೂ ಒಪ್ಪಿಸಬಹುದು ಎಂಬ ಆಸೆ. ಅವನಿಗೆ ಹೇಳಲು ಬಾಯಿ ಬರಲಿಲ್ಲ. 'ಹೇಳಿದರೆ ಆ ಮುಖ ಬಾಡುತ್ತೆ. ಎಲ್ಲ ಸರಿಹೋದ ಮೇಲೆ ನಗುತ್ತಾ ಹೇಳಿದರಾಯ್ತು...'

ಎಂಥ ತಪ್ಪು ಮಾಡಿದ್ದಳು!

ಮೇಲಿನವರನ್ನು ಕಾಣಲು ಅವಳು ಪಟ್ಟಣಕ್ಕೆ ಹೋದ ದಿನವೇ ಮೇಲ್ವಿಚಾರಕ ಬೋರ್ಡನ್ನು ಹುಡುಕಿ ತೆಗೆಸಿ ಕಡವಿನಲ್ಲಿ ನೆಡಿಸಿದ್ದ. ಸುದ್ದಿ ತಿಳಿದು ಅವಳು ಸೈಕಲ್ ತುಳಿದು ಓಡಿಬಂದಾಗ ಹೊಳೆ ಕೆಂಪಗೆ ಉಕ್ಕುತ್ತಿತ್ತು. ದೋಣಿ ಕಟ್ಟುವ ಗೂಟ ಬರಿದಾಗಿತ್ತು.

ಚಿಕ್ಕಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು.

"ಬೋರ್ಡ್ ನೋಡ್ದ. ಅಕ್ಷರದ ಮೇಲೆ ಬೆರಳಾಡಿಸ್ದ. 'ಇದು ಅವರದೇ ಕೈಬರಹ ಚಿಕ್ಕಮ್ಮಾ' ಅಂದ. ಅಷ್ಟೇ. ದೋಣಿ ಬಿಚ್ಚಿಬಿಟ್ಟ!"

"ಈ ನೀರಲ್ಲಾ?! ಎಲ್ಲಿಗೆ?"

"ಕೆಳಗಿನ ಊರಲ್ಲೆಲ್ಲಾದ್ರೂ ಬದುಕ್ಕೋತೀನಿ ಅಂದ. ಕಾಲು ಹಿಡ್ಕೊಂಡೆ ಮಗಳೇ... ಕೇಳ್ಲಿಲ್ಲ."

ಅವನಿಗೆ ಫೋನ್ ಮಾಡಿದಳು. ಅದು ಚಿಕ್ಕಮ್ಮನ ಮಡಿಲಲ್ಲೇ ರಿಂಗಾಯಿತು.

ರಕ್ಷಣಾ ದಳಕ್ಕೆ ಫೋನ್ ಮಾಡಿದಳು, ಅವರು ಬರುತ್ತೇವೆ ಅಂದರು. ಆದರೆ ಅವರ ಜೀಪು ಹೆದ್ದಾರಿ ಹಿಡಿದು ಗುಡ್ಡ ಸುತ್ತಿಕೊಂಡು ಬರಬೇಕು. ಹೊಳೆಯ ಮಗ್ಗುಲಲ್ಲೇ ಹೋಗುವುದು ಸೈಕಲ್ ದಾರಿಯೊಂದೇ.

ಅವಳು ಪೆಡಲ್ ಮೇಲೆ ಕಾಲಿಟ್ಟಳು.

ಮಳೆ ಮುಖಕ್ಕೆ ರಾಚುತ್ತಿತ್ತು. ಎಡಕ್ಕೆ ಹೊಳೆ ಮರಗಳನ್ನೇ ಹೊತ್ತು ಓಡುತ್ತಿತ್ತು. ತೇಲಿಬಂದ ಪ್ರತಿ ದಿಮ್ಮಿಯೂ ದೋಣಿಯಂತೆ ಕಾಣುತ್ತಿತ್ತು. ಹಳೇ ರೈಲು ಸುರಂಗದಲ್ಲಿ ನೀರು ಸೊಂಟಕ್ಕೆ ಬಂದಿತ್ತು. ಸೈಕಲನ್ನು ಹೆಗಲಿಗೇರಿಸಿ, ಕತ್ತಲಲ್ಲಿ ಗೋಡೆ ತಡವುತ್ತಾ ನಡೆದಳು. ಕಾಲಡಿ ಏನೋ ಜಾರಿತು. ಮುಗ್ಗರಿಸಿ ಕೆಸರು ನೀರು ಕುಡಿದಳು. ಕೂಗಿದಳು. ಅವಳ ದನಿಯೇ ಮರಳಿ ಬಂತು.

'ದೇವರೇ, ಅವರು ನನ್ನ ಮುಖ ನೋಡದಿದ್ದರೂ ಪರವಾಗಿಲ್ಲ... ಎಲ್ಲಾದರೂ ಇರಲಿ. ಇದ್ದರೆ ಸಾಕು!'

ಸುರಂಗದಾಚೆಯ ದಿಬ್ಬದ ತಂಗುದಾಣದಲ್ಲಿ ಇಬ್ಬರು ಪ್ರವಾಸಿಗಳು ಒಂದೇ ಹೊದಿಕೆಯೊಳಗೆ ನಡುಗುತ್ತಾ ಕೂತಿದ್ದರು. ವಯಸ್ಸಾದ ಗಂಡ ಹೆಂಡತಿ. ಸೈಕಲ್‌ಗಳು ಕಾಣಲಿಲ್ಲ.

"ದೋಣಿ... ಒಂದು ದೋಣಿ ನೋಡಿದ್ರಾ?"

ಹೆಂಗಸು ಅವಳ ಕೈ ಹಿಡಿದುಕೊಂಡಳು. "ತಗ್ಗಿನಲ್ಲಿ ದಾರಿ ಮುಳುಗಿ ಸಿಕ್ಕಿಹಾಕ್ಕೊಂಡಿದ್ವಿ ತಾಯಿ. ಆ ಹುಡುಗ ದೋಣಿ ತಂದು ನಮ್ಮನ್ನ ಇಲ್ಲಿಗೆ ಏರಿಸ್ದ."

"ಅವರೂ ಇಳಿದ್ರಾ?"

ಮುದುಕ ತಲೆ ತಗ್ಗಿಸಿದ. "ನಾನು ಹೇಳ್ದೆ, ದೋಣಿ ಹೋದ್ರೆ ಹೋಗ್ಲಿ, ನೀನು ಇಳಿಯಪ್ಪಾ ಅಂತ. 'ಇದನ್ನ ಬಿಟ್ರೆ ನನ್ನದು ಅಂತ ಏನೂ ಉಳಿದಿಲ್ಲ' ಅಂದ. ಅಷ್ಟರಲ್ಲಿ ಹಗ್ಗ ಕಿತ್ತು ಹೋಯ್ತು... ಕೆಳಗೆ ಒಡ್ಡು ಇದೆಯಲ್ಲ, ಆ ಕಡೆಗೇ..."

ಒಡ್ಡು! ಹೊಳೆಗೆ ಅಡ್ಡಲಾಗಿ ಕಟ್ಟಿದ ಆ ಕಲ್ಲುಗೋಡೆಯ ಮೇಲಿಂದ ನೀರು ಬಂಡೆಗಳ ಮೇಲೆ ಬೀಳುತ್ತದೆ. ಅಲ್ಲಿ 'ಅಪಾಯ' ಎಂಬ ಫಲಕ ಬರೆದವಳೂ ಅವಳೇ.

ನನ್ನದು ಅಂತ ಏನೂ ಉಳಿದಿಲ್ಲ... 'ನಾನಿದ್ದೆನಲ್ಲಾ! ಒಂದು ಮಾತು ಹೇಳಿದ್ದರೆ ನಿಮಗೂ ಅದು ಗೊತ್ತಿರುತ್ತಿತ್ತಲ್ಲಾ!'

ಚೈನ್ ಕಳಚಿತು. ಹಾಕಿದಳು. ಮತ್ತೆ ಕಳಚಿತು. ಸೈಕಲನ್ನು ಅಲ್ಲೇ ಬಿಸಾಕಿ ಓಡಿದಳು.

ಒಡ್ಡಿನ ಕೆಳಗೆ ಬಂಡೆಗಳ ನಡುವೆ ದೋಣಿ ಸಿಕ್ಕಿತು. ಅರ್ಧ ದೋಣಿ. ಉಳಿದರ್ಧ ಎಲ್ಲೂ ಇರಲಿಲ್ಲ.

ಅವಳಿಗೆ ಅಳುವೂ ಬರಲಿಲ್ಲ. ಮುರಿದ ಹಲಗೆಯನ್ನು ಎದೆಗವಚಿಕೊಂಡು ಕೆಸರಿನಲ್ಲಿ ಕೂತುಬಿಟ್ಟಳು. ನೀರು ಪಾದ ಮುಟ್ಟಿತು, ಮೊಣಕಾಲು ಮುಟ್ಟಿತು. ಏಳಬೇಕೆಂದೇ ಅನ್ನಿಸಲಿಲ್ಲ.

"ಯಾರಮ್ಮಾ ಅದು? ಮೇಲೆ ಬಾ! ನೀರು ಏರ್ತಾ ಇದೆ!"

ಒಡ್ಡಿನ ಕಾವಲುಗಾರನ ಹೆಂಡತಿ ಛತ್ರಿ ಬಿಸಾಕಿ ಇಳಿದುಬಂದು ರಟ್ಟೆ ಹಿಡಿದು ಎಳೆದಳು. ಅವಳ ಕೈಯಲ್ಲಿದ್ದ ಹಲಗೆಯನ್ನು ನೋಡಿ ದನಿ ತಗ್ಗಿಸಿದಳು.

"ದೋಣಿಯವನನ್ನ ಹುಡುಕ್ಕೊಂಡು ಬಂದ್ಯಾ? ನಮ್ಮವರು ಎಳ್ಕೊಂಡು ಬಂದು ಒಳಗೆ ಮಲಗಿಸಿದ್ದಾರೆ. ಪಕ್ಕೆಲುಬು ಮುರಿದ ಹಾಗಿದೆ. ಜೀವ ಇದೆ ಕಣಮ್ಮಾ, ಜೀವ ಇದೆ! ನೀನು ಅವನಿಗೆ ಏನಾಗಬೇಕು?"

"ಏನೂ ಆಗ್ಬೇಕಿಲ್ಲ," ಅಂದಳು. "ಎಲ್ಲಾ ಆಗ್ಬೇಕು!"

ಕೋಣೆಯಲ್ಲಿ ಸೀಮೆಎಣ್ಣೆ ದೀಪ ಉರಿಯುತ್ತಿತ್ತು. ಕಂಬಳಿಯೊಳಗೆ ಅವನ ಮುಖ ಬೂದಿಯಂತಿತ್ತು. ಹಣೆಗೆ ಬಟ್ಟೆ ಕಟ್ಟಿದ್ದರು. ಅವಳನ್ನು ಕಂಡು ಕಷ್ಟಪಟ್ಟು ಗೋಡೆಯ ಕಡೆಗೆ ಮುಖ ತಿರುಗಿಸಿದ.

"ಯಾಕೆ ಬಂದ್ರಿ ಮೇಡಂ? ಬೋರ್ಡ್ ಚೆನ್ನಾಗಿದೆ. ಅಕ್ಷರ ಮುತ್ತಿನ ಹಾಗಿದೆ."

"ಬರೆದಿದ್ದು ನಾನೇ. ನೆಡಬಾರದು ಅಂತ ಬಚ್ಚಿಟ್ಟಿದ್ದೂ ನಾನೇ. ಇವತ್ತು ಪಟ್ಟಣಕ್ಕೆ ಹೋಗಿದ್ದು ಅದನ್ನ ನಿಲ್ಲಿಸೋಕೆ... ನಾನಿಲ್ಲದಾಗ ನೆಟ್ಟುಬಿಟ್ರು."

"ನನಗೆ ಒಂದು ಮಾತು ಹೇಳೋಕಾಗ್ಲಿಲ್ವಾ?"

"ಆಗ್ಲಿಲ್ಲ! ನಿನ್ನ ಮುಖ ಬಾಡೋದನ್ನ ನೋಡೋ ಧೈರ್ಯ ಇರ್ಲಿಲ್ಲ ನನಗೆ!" ತಡೆದಿಟ್ಟ ಅಳು ಈಗ ಒಡೆದು ಬಂತು. ಮಂಚದ ಪಕ್ಕ ನೆಲದಲ್ಲೇ ಕುಸಿದಳು. "ಬಯ್ಯಿ. ಎಷ್ಟು ಬೇಕಾದ್ರೂ ಬಯ್ಯಿ. ಆದರೆ ಆ ಅರ್ಧ ದೋಣಿ ನೋಡಿದಾಗ ನಾನೂ ಸತ್ತೇ ಹೋಗಿದ್ದೆ. ಇನ್ನೊಂದ್ಸಲ ಹಾಗೆ ಮಾಡ್ಬೇಡ..."

ಅವನ ತಣ್ಣನೆಯ ಬೆರಳುಗಳು ಅವಳ ಒದ್ದೆ ಕೂದಲನ್ನು ಮುಟ್ಟಿದವು.

"ದಾರಿಯೆಲ್ಲ ಮುಳುಗಿದೆ. ಹೇಗೆ ಬಂದ್ರಿ?"

"ಗೊತ್ತಿಲ್ಲ. ಬಂದೆ."

"ಸುರಂಗದಲ್ಲಿ ನೀರಿರ್ಲಿಲ್ವಾ? ಓ... ನಿಮಗೆ ಈಜು ಬರುತ್ತಲ್ಲ."

"ಬರಲ್ಲ."

ಅವನು ಕಣ್ಣರಳಿಸಿ ನೋಡಿದ. ಆ ಕಣ್ಣಂಚಿನಿಂದ ಒಂದು ಹನಿ ಕಿವಿಯ ಕಡೆಗೆ ಇಳಿಯಿತು.

"ದೋಣಿ ಹೋಯ್ತು. ಕಡವೂ ಹೋಯ್ತು. ಈಗ ನಾನು ಬರಿಗೈ."

"ಕಡವಿಗೆ ಜಗಳ ಆಡೋಣ, ಇಬ್ಬರೂ ಸೇರಿ. ಗೆಲ್ತೀವೋ ಇಲ್ವೋ ಗೊತ್ತಿಲ್ಲ." ಅವಳು ಅವನ ಕೈಯನ್ನು ಕೆನ್ನೆಗೊತ್ತಿಕೊಂಡಳು. "ನನಗೆ ನೀನು ಬೇಕು. ಈ ಬರಿಗೈಯೇ ಬೇಕು."

"ಆಗಿನಿಂದ ಏಕವಚನದಲ್ಲೇ ಮಾತಾಡ್ತಿದ್ದೀರ, ಗೊತ್ತಾಯ್ತಾ?"

ಅವಳು ನಾಲಿಗೆ ಕಚ್ಚಿಕೊಂಡಳು. "ಬೇಜಾರಾ?"

ಅವನು ನಗಲು ಹೋಗಿ ಪಕ್ಕೆ ಹಿಡಿದುಕೊಂಡ. ನೋವು ಇಳಿದ ಮೇಲೆ ಮೆಲ್ಲಗೆ ಅಂದ:

"ಇಲ್ಲ... ಇನ್ನೊಂದ್ಸಲ ಹೇಳು."