ಮುನ್ನೂರ ಅರವತ್ತೊಂದನೆಯ ಶಂಖ

ಬಹಳ ಕಾಲದ ಹಿಂದೆ, ಶಂಖಗಿರಿ ರಾಜ್ಯದಲ್ಲಿ, ಒಂದು ಮಧ್ಯಾಹ್ನ ಗುಡಿಯ ಗಂಟೆ ಹೊಡೆದರು. ಸದ್ದು ಬರಲಿಲ್ಲ.

ಪೂಜಾರಿ ಮತ್ತೆ ಹೊಡೆದ. ಗಂಟೆ ಅಲ್ಲಾಡಿತು. ಸದ್ದಿಲ್ಲ. ಒಳಗೆ ಕೈ ಹಾಕಿ ನಾಲಗೆ ಮುಟ್ಟಿ ನೋಡಿದ. ನಾಲಗೆ ಇತ್ತು.

ಅದೇ ಹೊತ್ತಿಗೆ ಕೋಗಿಲೆ ಬಾಯಿ ತೆರೆದು ಸುಮ್ಮನೆ ಮುಚ್ಚಿತು. ಬೀಸುತ್ತಿದ್ದ ಹೆಂಗಸರ ಹಾಡು ಗಂಟಲಲ್ಲೇ ನಿಂತಿತು. ಅಂಬಿಗರಿಗೆ ಹಾಡಿಲ್ಲದೆ ಹುಟ್ಟು ಹಾಕಿ ಗೊತ್ತಿರಲಿಲ್ಲ. ಒಬ್ಬ ಮುಂದಕ್ಕೆ ಎಳೆದ, ಒಬ್ಬ ಹಿಂದಕ್ಕೆ. ದೋಣಿ ನಡುಹೊಳೆಯಲ್ಲಿ ಗಿರಗಿರ ತಿರುಗಿತು. ತೊಟ್ಟಿಲ ಕೂಸುಗಳು ಮಲಗಲಿಲ್ಲ. ಊರಲ್ಲಿ ಮಾತು ಉಳಿದಿತ್ತು. ಸಂಗೀತ ಹೋಗಿತ್ತು.

ಅದನ್ನು ನುಂಗಿದವನು ಕೋಟೆ ಬಾಗಿಲಲ್ಲಿ ನಿಂತಿದ್ದ. ಹೊಗೆಯ ಬಣ್ಣದ ಮಾಯಾವಿ. ಗುಡಾಣದಂಥ ಹೊಟ್ಟೆ. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ದನಿನುಂಗ ಎನ್ನುತ್ತಿದ್ದರು. ಆರು ರಾಜ್ಯಗಳ ಸಂಗೀತ ಆಗಲೇ ಅವನ ಹೊಟ್ಟೆಯಲ್ಲಿತ್ತು. ಇದು ಏಳನೆಯದು.

ಆದರೆ ಶಂಖಗಿರಿಯಲ್ಲಿ ಅವನಿಂದ ನುಂಗಲಾಗದ್ದು ಒಂದಿತ್ತು. ನಾದಭಂಡಾರ.

ಆ ರಾಜ್ಯದವರು ನೂರು ವರ್ಷದಿಂದ ಸಂಗೀತವನ್ನು ಶಂಖದಲ್ಲಿ ಹಿಡಿದಿಡುತ್ತಿದ್ದರು. ವಿದ್ವಾಂಸರ ಮುಂದೆ ಬರಿದಾದ ಶಂಖ ಇಡುವುದು. ಅವರು ಹಾಡುವುದು. ಹಾಡು ಸುರುಳಿಯೊಳಗೆ ಸುತ್ತಿಕೊಂಡು ಕೂರುತ್ತಿತ್ತು. ಆಮೇಲೆ ಶಂಖದ ಬಾಯಿಗೆ ಜೇನುಮೇಣ. ಮೇಣ ತೆಗೆದರೆ ಅದೇ ಹಾಡು, ಅದೇ ದನಿ. ಮುಗಿದ ಮೇಲೆ ಹಾಡು ತಾನಾಗಿ ಒಳಗೆ ಮರಳುತ್ತಿತ್ತು.

ಅದಕ್ಕೊಂದು ಕಟ್ಟಳೆ ಇತ್ತು. ಹಾಡು ನಿಂತ ಕೂಡಲೇ ಮೇಣ ಹಚ್ಚುವಂತಿಲ್ಲ. ತಂಬೂರಿಯ ತಂತಿಯಲ್ಲಿ ಕೊನೆಯ ದನಿ ಆರಬೇಕು. ಆಮೇಲೆ ಮೇಣ. ಅದರಿಂದ ಶಂಖಗಳಲ್ಲಿ ಹಾಡಿನ ಜೊತೆ ಕೆಮ್ಮೂ ಇತ್ತು, ಶಹಬ್ಬಾಸೂ ಇತ್ತು.

ಒಟ್ಟು ಮುನ್ನೂರ ಅರವತ್ತು ಶಂಖ. ಮೇಣದ ಸುತ್ತ ಗುರುತಿನ ದಾರ. ಹಾಡಿಗೆ ಕೆಂಪು, ವೀಣೆಗೆ ಹಳದಿ, ಕೊಳಲಿಗೆ ಹಸಿರು, ಮೃದಂಗಕ್ಕೆ ಕಪ್ಪು, ನಾಗಸ್ವರಕ್ಕೆ ಬಿಳಿ. ತೆಂಕಣದ ಕೀರ್ತನೆಗಳಿದ್ದವು. ಬಡಗಣದ ಆಲಾಪಗಳಿದ್ದವು. ದೊರೆಗಳಿಗಾಗಿ ಹಾಡಿದ್ದಿತ್ತು, ದೊರೆಗಳನ್ನು ಬೈದು ಹಾಡಿದ್ದೂ ಇತ್ತು. ತೊಂಬತ್ತು ವರ್ಷದ ಮುದುಕಿ ಹಲ್ಲಿಲ್ಲದ ಬಾಯಲ್ಲಿ ಹಾಡಿದ ಪದ ಇತ್ತು. ಅಂಥ ಭಂಡಾರ ಏಳು ರಾಜ್ಯದಲ್ಲಿ ಇನ್ನೊಂದಿರಲಿಲ್ಲ.

ಅದನ್ನು ಕಾಯುತ್ತಿದ್ದವಳು ಲಚ್ಚಲೆ. ಇಪ್ಪತ್ತೆರಡು ವರ್ಷದ ಹೆಣ್ಣು. ಮೇಣದ ದಾರದ ಮೇಲೆ ಬೆರಳಿಟ್ಟರೆ ಒಳಗಿನ ರಾಗ ಹೇಳುತ್ತಿದ್ದಳು. ಅವಳ ಅಜ್ಜ ಎರೆಯಣ್ಣ ಅವಳಿಗಿಂತ ಮುಂಚಿನ ಭಂಡಾರಿ. ಈಗ ಬಾಗಿಲಲ್ಲಿ ಕೂತು ಮೇಣ ಕಾಯಿಸುತ್ತಿದ್ದ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು.

ಮೇಣ ಮುಚ್ಚಿದ ಶಂಖವನ್ನು ಮಾಯೆ ಮುಟ್ಟಲಾರದು. ಭಂಡಾರಿಯೇ ಒಪ್ಪಿ ಕೊಡಬೇಕು. ದನಿನುಂಗ ಅರಮನೆಯ ಅಂಗಳಕ್ಕೆ ಬಂದು ಲಚ್ಚಲೆಯನ್ನು ಕರೆಸಿದ.

"ಏ ಹುಡುಗಿ, ಪಂದ್ಯ ಕಟ್ಟುತ್ತೀಯಾ?"

"ಏನು ಪಂದ್ಯ?"

"ಮೂರು ದಿನ ಮೂರು ಸಂಗೀತ ಕೇಳುತ್ತೇನೆ. ಮೂರೂ ನಿನ್ನ ಭಂಡಾರದಲ್ಲಿದ್ದರೆ ನುಂಗಿದ್ದನ್ನೆಲ್ಲ ಕಕ್ಕುತ್ತೇನೆ. ಒಂದು ಇಲ್ಲವೆಂದರೂ ಶಂಖಗಳೆಲ್ಲ ನನ್ನವು. ಜೊತೆಗೆ ನಿನ್ನ ಕಿವಿ. ಆಮೇಲೆ ನಿನಗೆ ಗುಡುಗೂ ಕೇಳಿಸದು."

ಮಂತ್ರಿ ಹಂಪಯ್ಯ ಓಡಿಬಂದ. "ಬೇಡವಮ್ಮಾ! ಅರ್ಧ ಶಂಖ ಕೊಟ್ಟು ಕಳಿಸೋಣ. ಹಳೆಯವು ಬೇಕಾದಷ್ಟಿವೆ."

ಲಚ್ಚಲೆ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಅರ್ಧ ಕಿವಿ ನಿಮ್ಮದು ಕೊಡುತ್ತೀರಾ, ಮಂತ್ರಿಗಳೇ?"

ಹಂಪಯ್ಯ ಕಿವಿ ಮುಟ್ಟಿಕೊಂಡು ಹಿಂದೆ ಸರಿದ. ಅರಸ ನನ್ನಿದೇವ ಕೇಳಿದ, "ಗೆಲ್ಲುತ್ತೀಯಾ, ಲಚ್ಚಲೆ?"

"ನಮ್ಮದು ಭಂಡಾರ, ದೊರೆಗಳೇ. ಅಲ್ಲಿ ಇಲ್ಲದ್ದಿಲ್ಲ," ಎಂದಳು. ಪಂದ್ಯಕ್ಕೆ ಕೈ ಕೊಟ್ಟಳು.

ಮೊದಲ ದಿನ ದನಿನುಂಗ ಒಂದು ಕಬ್ಬಿಣದ ಆನೆ ತಂದ. ಅದು ನಿಂತಲ್ಲಿ ನಿಲ್ಲದು. ಕಾಲೆತ್ತಿ ಇಟ್ಟರೆ ಕೋಟೆಯ ಕಲ್ಲು ಒಂದೊಂದು ಉದುರುತ್ತಿತ್ತು.

"ಇದನ್ನು ಮಲಗಿಸುವ ಸಂಗೀತ ಇದೆಯೇನು?"

"ಇದೆ," ಎಂದಳು ಲಚ್ಚಲೆ.

ಅವಳು ಭಂಡಾರಕ್ಕೆ ಹೋದಳು. ಬಾಗಿಲು ಮುಚ್ಚಿಕೊಳ್ಳದ ಹಾಗೆ ಅಡ್ಡ ಇಟ್ಟಿದ್ದ ಮಾಸಲು ಶಂಖವನ್ನು ಕಾಲಿಂದ ಸರಿಸಿ ಒಳಗೆ ನಡೆದಳು. ಕೆಂಪು ದಾರದ ಒಂದು ದೊಡ್ಡ ಶಂಖ ಹೊತ್ತು ಬಂದಳು.

"ನಾಗಸ್ವರ ತರಬೇಕಿತ್ತು," ಎಂದ ಹಂಪಯ್ಯ. "ಕಬ್ಬಿಣದ ಆನೆಗೆ ಜೋರು ದನಿ ಬೇಕು."

"ಜೋರು ಅದರ ಹತ್ತಿರವೇ ಇದೆಯಲ್ಲ," ಎಂದು ಮೇಣ ತೆಗೆದಳು.

ಬಡಗಣದ ಗಾಯಕನೊಬ್ಬನ ಆಲಾಪ ಅದು. ಅವನು ಕೆಳಗಿನ ಷಡ್ಜದಲ್ಲಿ ಕೂತ. ಎರಡು ಗಳಿಗೆಯಾದರೂ ಅಲ್ಲೇ ಕೂತಿದ್ದ. ರಿಷಭದ ಹತ್ತಿರ ಹೋದ. ಮುಟ್ಟಲಿಲ್ಲ. ಮರಳಿ ಬಂದ. ಆನೆ ಎತ್ತಿದ ಕಾಲನ್ನು ನಿಧಾನ ಇಳಿಸಿತು. ಮತ್ತೆ ಎತ್ತಲು ಮರೆಯಿತು. ಗಾಯಕ ರಿಷಭ ಮುಟ್ಟುವ ಹೊತ್ತಿಗೆ ಕಬ್ಬಿಣದ ಕಿವಿ ಎರಡೂ ಜೋತಿದ್ದವು. ಆನೆ ಮಂಡಿಯೂರಿ ಮಲಗಿತು. ಶಂಖದೊಳಗಿಂದ ಗೊರಕೆ ಕೇಳಿಸಿತು.

"ಅದು ಯಾರದು?" ಎಂದ ಅರಸ.

"ನಿಮ್ಮ ತಾತನವರದು ದೊರೆಗಳೇ. ಹಾಡಿದ ದಿನ ಸಭೆಯಲ್ಲಿ ಇದ್ದರು."

ಅಂಗಳವೆಲ್ಲ ನಕ್ಕಿತು. ಅರಸನೂ ನಕ್ಕ. ದನಿನುಂಗ ನಗಲಿಲ್ಲ.

ಎರಡನೆಯ ದಿನ ಅವನು ಐದು ಹೆಡೆಯ ಹಾವು ತಂದ. ಒಂದೊಂದು ಹೆಡೆಗೆ ಒಂದೊಂದು ಲೆಕ್ಕ. ಒಂದು ಮೂರಕ್ಕೆ ತೂಗುತ್ತಿತ್ತು. ಒಂದು ನಾಲ್ಕಕ್ಕೆ. ಒಂದು ಐದಕ್ಕೆ, ಒಂದು ಏಳಕ್ಕೆ, ಒಂದು ಒಂಬತ್ತಕ್ಕೆ. ನೋಡಿದವರಿಗೆ ತಲೆ ಸುತ್ತಿತು. ಹಾವು ಉಸಿರು ಬಿಟ್ಟಲ್ಲಿ ಹುಲ್ಲು ಸುಟ್ಟಿತು.

"ಐದು ಹೆಡೆಯೂ ಒಂದೇ ಏಟಿಗೆ ನೆಲ ಮುಟ್ಟಬೇಕು. ಅಂಥದ್ದು ಇದೆಯೇನು?"

"ಇದೆ."

ಮತ್ತೆ ಬಾಗಿಲ ಶಂಖವನ್ನು ಕಾಲಿಂದ ಸರಿಸಿದಳು. ಕಪ್ಪು ದಾರದ ಶಂಖ ತಂದಳು. ಒಡಹುಟ್ಟಿದ ಐವರು ಮೃದಂಗದವರು ನುಡಿಸಿದ್ದು ಅದು. ಯಾರ ತಾಳ ದೊಡ್ಡದೆಂದು ಆ ದಿನ ಬೆಳಗ್ಗೆಯೇ ಜಗಳವಾಡಿದ್ದರು. ಒಬ್ಬೊಬ್ಬನೂ ತನ್ನ ತಾಳ ಹಿಡಿದು ಕೂತ. ಯಾರೂ ಬಿಟ್ಟುಕೊಡಲಿಲ್ಲ.

ಮೇಣ ತೆಗೆದಳು. ಐದು ಮೃದಂಗ ಒಟ್ಟಿಗೆ ಹೊರಟವು. ಸಂತೆಯಲ್ಲಿ ಗಾಡಿ ಮಗುಚಿದ ಹಾಗಿತ್ತು. ದನಿನುಂಗ ಹೊಟ್ಟೆ ಹಿಡಿದು ನಕ್ಕ.

"ಇದೇನೇ ಹುಡುಗಿ, ಬುರುಡೆ ಉರುಳಿಸುತ್ತಿದ್ದಾರಾ?"

"ಎಣಿಸಿ," ಎಂದಳು.

ಅವಳು ಬೆರಳು ಮಡಿಸುತ್ತ ಎಣಿಸಿದಳು. ಊರೂ ಎಣಿಸಿತು. ನೂರಾಯಿತು. ಐನೂರಾಯಿತು. ಹಾವಿನ ಹೆಡೆಗಳು ಒಂದೊಂದು ಮೃದಂಗದ ಬೆನ್ನು ಹತ್ತಿದವು. ಸಾವಿರ ದಾಟಿತು. ಸಾವಿರದ ಇನ್ನೂರ ಅರವತ್ತನೆಯ ಎಣಿಕೆ ತುಂಬಿತು. ಮರುಕ್ಷಣ ಐದು ಮೃದಂಗ ಒಂದೇ ಏಟಾಗಿ ಬಿದ್ದವು. ಐದು ಹೆಡೆ ಒಂದೇ ಏಟಿಗೆ ನೆಲಕ್ಕೆ ಬಡಿದವು. ಹಾವು ಮೇಲೇಳಲಿಲ್ಲ. ಶಂಖದೊಳಗೆ ಐವರೂ ಒಟ್ಟಿಗೆ "ಹಾ!" ಎಂದರು.

"ಜಗಳ ಅಲ್ಲಿಗೆ ಮುಗಿಯಿತಾ?" ಎಂದು ಹಂಪಯ್ಯ ಕೇಳಿದ.

"ಇಲ್ಲ. ಊಟಕ್ಕೆ ಕೂತಾಗ ಮತ್ತೆ ಶುರುವಾಯಿತಂತೆ."

ಮೂರನೆಯ ದಿನ ದನಿನುಂಗ ಬರಿಗೈಯಲ್ಲಿ ಬಂದ. ಬಂದವನು ಅರಮನೆಯ ಚಾವಡಿಯ ಮೂರನೆಯ ಕಂಬದ ಹತ್ತಿರ ನೆಲದ ಮೇಲೆ ಕೂತ.

"ಇಲ್ಲಿ ಒಬ್ಬ ಹಾಡಿದ್ದ. ನಲವತ್ತು ವರ್ಷದ ಹಿಂದೆ. ಆ ಹಾಡು ತಾ."

"ಯಾರು ಹಾಡಿದ್ದು?"

"ನಾನು."

ಅವನೇ ಹೇಳಿದ. "ನನಗೆ ಇಪ್ಪತ್ತು ವರ್ಷ. ಏಳು ದಿನ ನಡೆದು ಬಂದಿದ್ದೆ. ಹಾಡುತ್ತ ಮೇಲೆ ಹೋದೆ. ಇನ್ನೂ ಮೇಲೆ ಹೋದೆ. ಅಲ್ಲಿ ದನಿ ಒಡೆಯಿತು. ಈ ಸಭೆ ಬಿದ್ದುಬಿದ್ದು ನಕ್ಕಿತು. ನಡುವೆ ಎದ್ದು ಹೋದೆ. ಹೊಸ್ತಿಲು ದಾಟುವಾಗ ಆಗಿನ ಅರಸ ಹೇಳಿದ್ದು ಕೇಳಿಸಿತು. 'ಆ ಶಂಖ ಒಡೆದುಹಾಕು.' ಒಡೆದ ಸದ್ದೂ ಕೇಳಿಸಿತು. ಈಗ ಹೇಳು ಭಂಡಾರಿ. ಇದೆಯೇನು?"

ಮುನ್ನೂರ ಅರವತ್ತು ಶಂಖವೂ ಲಚ್ಚಲೆಗೆ ಗೊತ್ತು. ಅಂಥ ಹಾಡು ಅದರಲ್ಲಿ ಇರಲಿಲ್ಲ.

"ಹೊತ್ತು ಮುಳುಗುವ ತನಕ ಸಮಯ," ಎಂದ ದನಿನುಂಗ. ಅವನ ಕಣ್ಣು ಅವಳ ಕಿವಿಯ ಮೇಲಿತ್ತು.

ಅವಳು ಭಂಡಾರಕ್ಕೆ ಓಡಿದಳು. ಎರೆಯಣ್ಣ ಬಾಗಿಲಲ್ಲಿ ಮೇಣ ಕಾಯಿಸುತ್ತಿದ್ದ.

"ಅಜ್ಜಾ, ನಲವತ್ತು ವರ್ಷದ ಹಿಂದೆ ದನಿ ಒಡೆದವನ ಶಂಖ ಏನಾಯಿತು?"

"ಒಡೆಯಲು ಹೇಳಿದರು."

"ಒಡೆದೆಯಾ?"

"ಒಡೆದೆ."

ಲಚ್ಚಲೆ ಹೊಸ್ತಿಲ ಮೇಲೆ ಕೂತಳು. ಎರೆಯಣ್ಣ ಸೌಟಿನಿಂದ ಮೇಣ ತಿರುವಿದ.

"ಅದನ್ನಲ್ಲ. ಬೇರೊಂದು ಬರಿದಾದ ಶಂಖ ಇತ್ತು. ಅದನ್ನು."

"ಅಜ್ಜಾ! ಮತ್ತೆ ಅದು ಎಲ್ಲಿ?"

"ನೀನು ದಿನಾ ಕಾಲಿಂದ ಒದೆಯುತ್ತೀಯಲ್ಲ, ಅದೇ."

ಬಾಗಿಲಿಗೆ ಅಡ್ಡ ಇಟ್ಟಿದ್ದ ಮಾಸಲು ಶಂಖವನ್ನು ಅವನೇ ಬಗ್ಗಿ ಎತ್ತಿಕೊಂಡ. ಪಂಚೆಯ ಅಂಚಿನಿಂದ ಒರೆಸಿದ. ನಲವತ್ತು ವರ್ಷದ ಧೂಳಿನ ಕೆಳಗೆ ಮೇಣ ಒಂದಿಷ್ಟೂ ಬಿರಿದಿರಲಿಲ್ಲ. ಕೆಂಪು ದಾರವೂ ಇತ್ತು.

"ಬಾ," ಎಂದ. ತಾನೇ ಮುಂದೆ ನಡೆದ.

ಚಾವಡಿಯಲ್ಲಿ ಶಂಖ ಇಟ್ಟ. ಅರಸ ನನ್ನಿದೇವ ಎದ್ದು ನಿಂತ.

"ಎರೆಯಣ್ಣ, ನಮ್ಮ ಅಪ್ಪಾಜಿಯವರ ಆಜ್ಞೆ ಮೀರಿದೆಯಾ?"

"ಮೀರಿದೆ."

"ತಲೆ ಹೋಗುವ ತಪ್ಪು. ಗೊತ್ತಿತ್ತೇ?"

"ಗೊತ್ತಿತ್ತು. ಚೆನ್ನಾಗಿ ಹಾಡಿದ್ದನ್ನು ಯಾರು ಬೇಕಾದರೂ ಇಟ್ಟುಕೊಂಡಾರು ದೊರೆಗಳೇ. ಹಾಡಿದ್ದನ್ನೆಲ್ಲ ಇಡುವುದು ಭಂಡಾರ."

ಅರಸ ಕೂತುಕೊಂಡ. ಲಚ್ಚಲೆ ದನಿನುಂಗನ ಕಡೆ ತಿರುಗಿದಳು.

"ಇದೆ," ಎಂದಳು. ಮೇಣ ತೆಗೆದಳು.

ಹರೆಯದ ದನಿ ಹೊರಗೆ ಬಂತು. ತೆಳ್ಳಗೆ, ಚೂಪಾಗಿ, ಯಾರಿಗೂ ಅಂಜದ ಹಾಗೆ. ಮೇಲೆ ಹೋಯಿತು. ಇನ್ನೂ ಮೇಲೆ ಹೋಯಿತು. ಎಲ್ಲರೂ ನಿಲ್ಲಿಸುವ ಸ್ವರ ದಾಟಿ ಮುಂದಿನದಕ್ಕೆ ಕೈ ಚಾಚಿತು. ಅಲ್ಲಿ ಒಡೆಯಿತು. ಆಮೇಲೆ ನಗು. ಸಭೆಯ ತುಂಬ ನಗು. ಹೊಸ್ತಿಲ ಕಡೆ ಓಡುವ ಹೆಜ್ಜೆ. ಹಳೆಯ ಅರಸನ ದನಿ, "ಆ ಶಂಖ ಒಡೆದುಹಾಕು." ಒಂದು ಶಂಖ ಒಡೆದ ಸದ್ದು.

ದನಿನುಂಗ ಏಳಲು ಹೋದ. "ಸಾಕು. ನನಗೆ ಗೊತ್ತಿರುವುದೇ."

"ಕೂರಿ," ಎಂದ ಎರೆಯಣ್ಣ. "ತಂಬೂರಿ ಇನ್ನೂ ಆರಿಲ್ಲ."

ನಿಜ. ಶಂಖದಲ್ಲಿ ತಂಬೂರಿ ಇನ್ನೂ ಮಿಡಿಯುತ್ತಿತ್ತು. ಅದರ ಮೇಲೆ ಒಂದು ಮುದಿ ದನಿ ಕೇಳಿಸಿತು. ಆಸ್ಥಾನದ ಹಿರಿಯ ವಿದ್ವಾಂಸ ಸೋಮಪಂಡಿತರದು. ಅವರು ತೀರಿಕೊಂಡು ಬಹಳ ಕಾಲವಾಗಿತ್ತು.

"ನಗುತ್ತೀರಲ್ಲ, ನಾಚಿಕೆಯಾಗಬೇಕು. ಆ ಸ್ವರಕ್ಕೆ ಕೈ ಹಾಕಿದವನು ಈ ಸಭೆಯಲ್ಲಿ ಇವನೊಬ್ಬ. ನಾನು ಮೂವತ್ತು ವರ್ಷದಿಂದ ಹೆದರಿ ಕೆಳಗೇ ನಿಂತಿದ್ದೇನೆ. ಕೇತಯ್ಯಾ! ಬಾರಯ್ಯಾ ಇಲ್ಲಿ, ಕೂತುಕೋ. ಎಲ್ಲಿ ಹೋದ?"

"ಹೋದ ಸ್ವಾಮಿ," ಎಂದಿತು ಶಂಖದೊಳಗಿನ ಇನ್ನೊಂದು ದನಿ.

"ಹುಡುಕಿ. ಅವನಿಗೆ ನಾನು ಪಾಠ ಹೇಳಬೇಕು."

ತಂಬೂರಿ ಆರಿತು.

ದನಿನುಂಗ ಕಂಬಕ್ಕೆ ಒರಗಿದ.

"ಹುಡುಕಿದರಾ?" ಎಂದ.

"ಎರಡು ವರ್ಷ," ಎಂದ ಎರೆಯಣ್ಣ. "ನಾನೂ ಹೋಗಿದ್ದೆ."

"ಇನ್ನೊಮ್ಮೆ ಕೇಳಿಸು."

ಲಚ್ಚಲೆ ಇನ್ನೊಮ್ಮೆ ಕೇಳಿಸಿದಳು. ತಂಬೂರಿ ಆರಿದ ಮೇಲೆ ದನಿನುಂಗ ಬಾಯಿ ತೆರೆದ.

ಮೊದಲು ಗಂಟೆ ಬಂತು. ಮೂರು ದಿನದ ಪೂಜೆಯ ಗಂಟೆಗಳು ಒಟ್ಟಿಗೆ ಮೊಳಗಿದವು. ಕೋಗಿಲೆ ಬಂತು. ಬೀಸುವ ಹಾಡು ಬಂತು. ಜೋಗುಳ ಬಂತು, ಊರಿನ ಕೂಸುಗಳೆಲ್ಲ ಒಟ್ಟಿಗೆ ಮಲಗಿದವು. ಅಂಬಿಗರ ಹಾಡು ಬಂತು, ದೋಣಿ ತಿರುಗುವುದು ಬಿಟ್ಟು ದಡಕ್ಕೆ ಹೋಯಿತು. ಆಮೇಲೆ ಆರು ರಾಜ್ಯಗಳ ಸಂಗೀತ ಹೊರಬಿದ್ದು ತಂತಮ್ಮ ದಿಕ್ಕಿಗೆ ಹಾರಿತು. ಗುಡಾಣದಂಥ ಹೊಟ್ಟೆ ಇಳಿಯಿತು. ಹೊಗೆಯ ಬಣ್ಣ ಕರಗಿತು. ಅಂಗಳದ ಆನೆ ಕಬ್ಬಿಣದ ಗುಂಡಾಯಿತು, ಹಾವು ಹಗ್ಗವಾಯಿತು. ಕಂಬದ ಹತ್ತಿರ ಕೇತಯ್ಯ ಎಂಬ ಅರವತ್ತು ವರ್ಷದ ಬಡಕಲು ಮುದುಕ ಕೂತಿದ್ದ.

ಲಚ್ಚಲೆ ಅವನ ಮುಂದೆ ಬರಿದಾದ ಒಂದು ಶಂಖ ಇಟ್ಟಳು.

"ಹಾಡು ಮುಗಿಸಿಲ್ಲ ನೀವು."

"ಮತ್ತೆ ಒಡೆಯುತ್ತದಮ್ಮಾ."

"ಒಡೆಯಲಿ. ಇಡುತ್ತೇವೆ."

ತಂಬೂರಿಗೆ ಎರೆಯಣ್ಣನೇ ಕೂತ. ಕೇತಯ್ಯ ಹಾಡಿದ. ಅದೇ ಜಾಗದಲ್ಲಿ ದನಿ ಒಡೆಯಿತು. ಅವನು ಏಳಲಿಲ್ಲ. ಕೊನೆಯ ತನಕ ಹಾಡಿದ. ತಂಬೂರಿ ಆರಿದ ಮೇಲೆ ಲಚ್ಚಲೆ ಮೇಣ ಹಚ್ಚಿ ಕೆಂಪು ದಾರ ಕಟ್ಟಿದಳು.

ಭಂಡಾರದಲ್ಲಿ ಈಗ ಮುನ್ನೂರ ಅರವತ್ತೆರಡು ಶಂಖಗಳಿವೆ. ಬಾಗಿಲಿಗೆ ಅಡ್ಡ ಒಂದು ಕಲ್ಲು ಇಟ್ಟಿದ್ದಾರೆ.