ಕಪ್ಪೆಯನ್ನು ಎಬ್ಬಿಸಿದ ಕಸ್ತೂರಿ

ಕುಂಡದ ಮಣ್ಣು ಮಿಸುಕಾಡಿತು.

ಕಸ್ತೂರಿ ನೀರಿನ ಚೊಂಬು ಹಿಡಿದಂತೆಯೇ ಹಿಂದೆ ಸರಿದಳು. ಮಣ್ಣು ಬಿರಿದು ಎರಡು ಉಬ್ಬುಗಣ್ಣುಗಳು ಮೇಲೆ ಬಂದವು, ಆಮೇಲೆ ಗುಂಡನೆಯ ಮೈ. ಕಪ್ಪೆ! ಕಪ್ಪೆ ಅವಳನ್ನು ನೋಡಿತು, ಅವಳು ಕಪ್ಪೆಯನ್ನು ನೋಡಿದಳು.

"ನನ್ನ ಕುಂಡಕ್ಕ ಯಾರ್ರೀ ನೀರು ಹಾಕಿದವ್ರು?"

ಬಾಗಿಲಲ್ಲಿ ನಿಂತಿದ್ದವನು ಜುವಾಲಜಿಯ ಹೊಸ ಲೆಕ್ಚರರ್ ಅಮೋಗಸಿದ್ಧ. ಸೋಲಾಪುರದ ಆ ಕಾಲೇಜಿನಲ್ಲಿ ಬಾಟನಿಗೂ ಜುವಾಲಜಿಗೂ ಲ್ಯಾಬ್ ಒಂದೇ. ಬಾಟನಿ ಕಲಿಸುವ ಕಸ್ತೂರಿಗೂ ಅವನಿಗೂ ಅಲ್ಲಿಯವರೆಗೆ ನಮಸ್ಕಾರದಷ್ಟೇ ಪರಿಚಯ. ಅದು ಎಪ್ಪತ್ನಾಲ್ಕರ ಏಪ್ರಿಲ್. ಕಿಟಕಿಯ ಸರಳುಗಳು ಕೂಡ ಮುಟ್ಟಲಾಗದಷ್ಟು ಕಾದಿದ್ದವು.

"ಖಾಲಿ ಕುಂಡ ಅಂದ್ಕೊಂಡ್ನಿರಿ. ಅಬೋಲಿ ಹೂವಿನ ಗಿಡ ಹಚ್ಚೋಣಂತ ನಿನ್ನೆಯಿಂದ ಮಣ್ಣು ನೆನಸಾಕತ್ತೀನಿ."

"ಖಾಲಿ ಎಲ್ಲಿತ್ರಿ? ಒಳಗ ಮಂದಿ ಮಲಗಿದ್ರು."

ಸಿಟ್ಟಾಗಿದ್ದಾನೋ ಚೇಷ್ಟೆಯೋ ತಿಳಿಯದೆ ಅವಳು ಮುಖ ನೋಡಿದಳು. ಹುಬ್ಬು ಗಂಟಿಕ್ಕಿತ್ತು, ತುಟಿಯ ಅಂಚು ಮಾತ್ರ ಮಾತು ಕೇಳುತ್ತಿರಲಿಲ್ಲ.

"ಮಳಿ ಬರೂತನಕ ಏಳಬಾರದಿತ್ತು ಇದು. ನೀವು ಏಪ್ರಿಲ್‌ದಾಗಽ ಮಳಿಗಾಲ ತಂದ್ರಿ."

ಕಪ್ಪೆಯನ್ನು ಅಂಗೈ ಮೇಲೆ ಮಲಗಿಸಿ, ಹಿಂಗಾಲನ್ನು ಬೆರಳಿನಿಂದ ಮೆಲ್ಲಗೆ ಚಾಚಿದ. ಪಾದದ ಬದಿಗೆ ಗಟ್ಟಿಯಾದ ಒಂದು ಗುಬುಟು.

"ಇದು ಇದರ ಸಲಿಕಿ. ಹಿಂದಕ್ಕ ಸರಕೋತ ಮಣ್ಣಾಗ ಇಳೀತದ. ಬ್ಯಾಸಗಿ ಮುಗಿಯೂತನಕ ಊಟಿಲ್ಲ, ನೀರಿಲ್ಲ. ನೀರು ಬಿಟ್ಟು ನೆಲಕ್ಕ ಬಂದವ್ರ ಪಾಡು ಇಷ್ಟಽ ನೋಡ್ರಿ, ಏನರೆ ಯುಕ್ತಿ ಮಾಡಬೇಕು."

ಕಸ್ತೂರಿ ಕಪ್ಪೆಯನ್ನೇ ನೋಡುತ್ತಿದ್ದಳು. ಅದನ್ನು ಹಿಡಿದ ಬೆರಳುಗಳು ಎಷ್ಟು ಹಗುರ ಎಂಬುದನ್ನೂ ನೋಡಿದಳು.

ಮರುದಿನ ಕಪ್ಪೆ ಮತ್ತೆ ಮಲಗಲೆಂದು ಇಬ್ಬರೂ ಸೇರಿ ಕುಂಡಕ್ಕೆ ಒಣಮಣ್ಣು ತುಂಬಿದರು. ಆಮೇಲೆ ಮಧ್ಯಾಹ್ನದ ಚಹಾ ಲ್ಯಾಬಿಗೇ ಬರತೊಡಗಿತು. ಅವನು ಒಂದು ಪ್ರಾಣಿಯ ಮಾತು ತೆಗೆದರೆ ಅವಳು ಒಂದು ಗಿಡದ ಮಾತು ತೆಗೆಯುವಳು. ಪಾಪಾಸುಕಳ್ಳಿಯ ಮುಳ್ಳುಗಳೇ ಅದರ ಎಲೆಗಳೆಂದು ಅವಳು ಹೇಳಿದಾಗ ಅವನು ತಕರಾರು ತೆಗೆದ.

"ಮತ್ತ ಆ ಹಸರು ಹಲಗಿ?"

"ಅದು ಕಾಂಡ. ಹಗಲೆಲ್ಲ ಬಾಯಿ ಮುಚ್ಚಿಕೊಂಡಿರ್ತದ. ರಾತ್ರಿ ತಂಪಾದಮ್ಯಾಲೆ ಉಸಿರಾಡ್ತದ, ನೀರು ಹಾರಿ ಹೋಗಬಾರದಂತ."

"ಹಗಲೆಲ್ಲ ಬಾಯಿ ಮುಚ್ಚಿಕೊಂಡು ಇರೂದು… ನಿಮ್ಮಿಂದ ಆಗ್ತದೇನ್ರಿ?"

ಅವಳು ಚಾಕ್‌ಪೀಸಿನ ತುಂಡು ಎಸೆದಳು. ಅವನು ಹಿಡಿದು ಜೇಬಿಗೆ ಹಾಕಿಕೊಂಡ.

ಜುಲೈಯಲ್ಲಿ ವಿದ್ಯಾರ್ಥಿಗಳನ್ನು ಅಕ್ಕಲಕೋಟೆಯ ಕಡೆ ಕರೆದುಕೊಂಡು ಹೋದರು. ಹಳೆಯದೊಂದು ಬಾವಿಯ ಮೆಟ್ಟಿಲುಗಳ ಮೇಲೆ ಮಳೆಗೆ ಪಾಚಿ ಮಖಮಲ್ಲಿನಂತೆ ಹಬ್ಬಿತ್ತು. ಹುಡುಗರೆಲ್ಲ ಮೇಲೆ ಕಪ್ಪೆ ಹುಡುಕುತ್ತಿದ್ದರು. ಕಸ್ತೂರಿ ಮೆಟ್ಟಿಲ ಮೇಲೆ ಅಮೋಗಸಿದ್ಧನ ಪಕ್ಕ ಕೂತು ಪಾಚಿ ಸವರಿದಳು.

"ಇವು ನೆಲಕ್ಕೇನೋ ಬಂದಾವ್ರಿ, ಖರೆ ನೀರಿನ ಹಂಗು ಬಿಟ್ಟಿಲ್ಲ. ಗಂಡು ಕಣ ಈಜಿಕೋತ ಹೆಣ್ಣಿನ ಕಡೆ ಹೋಗಬೇಕು. ನಡುವ ಒಂದು ಹನಿ ನೀರು ಬೇಕಽ ಬೇಕು."

"ನೀರಿಲ್ಲಂದ್ರ?"

"ಕೂಡಾಂಗಿಲ್ಲ." ಹೇಳಿದ ಮೇಲೆ ಕಿವಿ ಬಿಸಿಯಾಯಿತು, ಸೆರಗಿನ ಅಂಚು ಸರಿಮಾಡಿಕೊಂಡಳು.

"ಮತ್ತ ಹೂವಿನ ಗಿಡ ಏನ್ ಮಾಡ್ತಾವ?"

"ಅವು ಜಾಣ. ಪರಾಗ ಗಾಳಿ ಮ್ಯಾಲೋ, ದುಂಬಿ ಮ್ಯಾಲೋ ಬರ್ತದ. ಬಂದು ಹೂವಿನೊಳಗ ಸಣ್ಣ ನಾಳ ಚಾಚಿ, ತನ್ನ ದಾರಿ ತಾನಽ ಮಾಡ್ಕೋತದ."

"ಧೈರ್ಯ ಅದ ಅದಕ್ಕ," ಎಂದ ಅಮೋಗಸಿದ್ಧ. ಮತ್ತೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೇಲಿನಿಂದ ಹುಡುಗರು ಕೂಗಿದರು. ಆ ಮಾತು ಅಲ್ಲೇ ಉಳಿಯಿತು.

ಶ್ರಾವಣದಲ್ಲಿ ಸ್ಟಾಫ್ ರೂಮಿನ ರತ್ನಾಬಾಯಿ ಎಲ್ಲರೆದುರು ಸುದ್ದಿ ಹೇಳಿದರು. "ಕಸ್ತೂರಿಗೆ ಬಾರ್ಶಿಯ ಅರಿವಿ-ಬಟ್ಟಿ ವ್ಯಾಪಾರಿ ಮನೆತನದ ಹುಡುಗ ಪಕ್ಕಾ ಆದಂಗಂತ."

ಅಂದಿನಿಂದ ಅವನ ಚಹಾ ಲ್ಯಾಬಿಗೆ ಬರಲಿಲ್ಲ. ಅವನ ಬಾಯಿಗೆ ಈಚೆಗೆ ರೂಢಿಯಾಗಿದ್ದ 'ಕಸ್ತೂರಬಾಯಿ' ಹೋಗಿ ಮತ್ತೆ 'ಮೇಡಂ' ಬಂತು. ಕಾರಿಡಾರಿನಲ್ಲಿ ಎದುರಾದರೆ ಅವನಿಗೆ ಗೋಡೆಯ ಮೇಲಿನ ಹಲ್ಲಿ ಬಹಳ ಆಸಕ್ತಿಯದಾಗಿ ಕಾಣುತ್ತಿತ್ತು.

ಕಸ್ತೂರಿ ಅವನನ್ನು ಎಸ್.ಟಿ. ಸ್ಟ್ಯಾಂಡಿನಲ್ಲಿ ಹಿಡಿದಳು. ಅವನ ಊರು ವಳಸಂಗದ ಬಸ್ಸು ಹೊರಡಲು ನಿಂತಿತ್ತು.

"ಯಾಕ ಮಾತು ಬಿಟ್ರಿ?"

"ನಿಮ್ಮ ಲಗ್ನ ಗೊತ್ತಾಗೇದಂತ."

"ಹುಡುಗನ ಕಡೆಯವ್ರು ಕೇಳ್ಯಾರ. ಅಪ್ಪಾ ನನ್ನ ಮಾತಿಗೆ ಕಾಯಾಕತ್ತಾರ. ನಾ ಯಾರ ಮಾತಿಗೆ ಕಾಯಾಕತ್ತೀನಿ, ಅದು ನಿಮಗ ಗೊತ್ತಿಲ್ಲೇನು?"

ಅವನು ತಲೆ ತಗ್ಗಿಸಿದ. "ನಾವು ಕುರುಬರು. ನಮ್ಮವ್ವ ಇನ್ನೂ ಕುರಿ ಕಾಯ್ತಾಳ. ನಮ್ಮ ದೇವ್ರು ಬೀರೋಬಾನ ಹಬ್ಬಕ್ಕ ಮನ್ಯಾಗ ಕುರಿ ಬೀಳ್ತದ. ನಿಮ್ಮ ಅಪ್ಪಾರು ಲಿಂಗಪೂಜಿ ಇಲ್ದ ನೀರು ಸೈತ ಕುಡಿಯಾಂಗಿಲ್ಲ. ಯಾವ ಬಾಯಿಲೆ ಕೇಳ್ಲಿ?"

"ಅಪ್ಪಾಗ ಹೇಳೂದು ನನ್ನ ಕೆಲಸ. ನನಗ ಹೇಳೂದು ನಿಮ್ಮ ಕೆಲಸ. ಕಪ್ಪಿ ಬಗ್ಗೆ ಹೇಳೂಮುಂದ ಎಷ್ಟು ಮಾತು ಇರ್ತಾವ ನಿಮ್ಮ ಹತ್ರ!"

ಕಂಡಕ್ಟರ್ ಗಂಟೆ ಬಾರಿಸಿದ. ಅಮೋಗಸಿದ್ಧ ಬಸ್ಸಿನ ಕಡೆ ತಿರುಗಲಿಲ್ಲ.

"ನನಗ ನೀವಽ ಬೇಕು, ಕಸ್ತೂರಿ."

'ಬಾಯಿ' ಇಲ್ಲ, 'ಮೇಡಂ' ಇಲ್ಲ. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಅವಳು ಅತ್ತಳು, ನಕ್ಕಳು, ಸೆರಗಿನಿಂದ ಮೂಗು ಒರೆಸಿಕೊಂಡಳು. ಅವನು ಕರವಸ್ತ್ರಕ್ಕೆಂದು ಜೇಬು ತಡಕಾಡುತ್ತಲೇ ಇದ್ದ.

ಅಂದು ಸಂಜೆ ಅವಳು ತಂದೆಗೆ ಎಲ್ಲ ಹೇಳಿದಳು. ಪೇಟೆಯಲ್ಲಿ ಚಾದರಿನ ಅಂಗಡಿಯಿದ್ದ ಶಾಂತಲಿಂಗಪ್ಪ ತಾಯಿಲ್ಲದ ಮಗಳನ್ನು ಒಬ್ಬರೇ ಬೆಳೆಸಿದವರು. ಅವರು ಬೈಯಲಿಲ್ಲ, ಊಟ ಬಿಟ್ಟು ಎದ್ದರು. ಮುಂದೆ ಎಷ್ಟೋ ದಿನ ಮನೆಯಲ್ಲಿ ತಟ್ಟೆ ಲೋಟಗಳ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಕಸ್ತೂರಿಯೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಒಂದು ಭಾನುವಾರ ಪೂಜೆ ಮುಗಿಸಿ ಅವರು ಕೋಟು ಹಾಕಿಕೊಂಡರು. "ನಡಿ, ಆ ಮನಿ ತೋರಸು."

ಬಸ್ಸಿನಲ್ಲಿ ಕಿಟಕಿಯಾಚೆ ಜೋಳದ ಹೊಲ ನೋಡುತ್ತ ಹೇಳಿದರು: "ದಿನಾ ವಚನ ಓದ್ತೀನಿ ಅವ್ವಿ. ಓದಿದ್ದು ಮಾಡೂ ಹೊತ್ತು ಬಂದ್ರ ನೋಡು, ಕೈ ನಡಗಾಕತ್ತಾವ."

ಅವಳು ಆ ಕೈಯ ಮೇಲೆ ಕೈಯಿಟ್ಟಳು.

ವಳಸಂಗದ ಮನೆಯಲ್ಲಿ ಅಮೋಗಸಿದ್ಧನ ತಾಯಿ ಬೀರವ್ವ ಗಾಬರಿಯಾದಳು. ಕರಿಕಂಬಳಿ ಹಾಸಿ ಕೂಡಿಸಿದಳು. ಅಮೋಗಸಿದ್ಧ ಕಂಬಕ್ಕೆ ಆತು ನಿಂತ.

"ನಮ್ಮ ಮನಿ ನೀರು ನಿಮಗ ನಡೀತಾವೋ ಇಲ್ಲೋ ಅಣ್ಣಾರ. ಬಾಜೂ ನಿಮ್ಮವರಽ ಬಸಯ್ಯ ಸ್ವಾಮ್ಯಾರ ಮನಿಯಿಂದ ತರಿಸ್ತೀನ್ರಿ," ಎಂದಳು ಬೀರವ್ವ.

ಒಲೆಯ ಮೇಲೆ ಹಂಚು ಕಾದಿತ್ತು. ಶಾಂತಲಿಂಗಪ್ಪ ಮಗಳ ಮುಖ ನೋಡಿದರು.

"ಯಾಕವ್ವ, ನಿಮ್ಮ ಮನ್ಯಾಗ ನೀರಿಲ್ಲೇನು?"

ಬೀರವ್ವ ಕೊಟ್ಟ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಪೂರ್ತಿ ಕುಡಿದರು. ಆಮೇಲೆ ಹಂಚಿನ ಕಡೆ ಗೋಣು ತಿರುಗಿಸಿದರು.

"ಹೊಟ್ಟಿ ಹಸದದ. ಒಂದು ರೊಟ್ಟಿ ಬಡಿ."

ಬೀರವ್ವ ಸೆರಗು ಬಿಗಿದು ಹಿಟ್ಟಿಗೆ ಕೈ ಹಾಕಿದಳು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಂದವು. ಶಾಂತಲಿಂಗಪ್ಪ ಮೊದಲ ತುತ್ತು ಮುರಿದರು. ಬಾಯಿಗೆ ಇಡುವ ಮೊದಲು ಕಂಬದ ಕಡೆ ನೋಡಿದರು.

"ನಿಂತಽ ಇರ್ತೀರೇನ್ರಿ ಅಳಿಯಾರ? ಬರ್ರಿ, ಕೂಡ್ರಿ."