ಭಾರ ಕೆಳಗೆ, ಹಗುರ ಮೇಲೆ

ಸಂತೋಷ್ ಹಾಕಿದ ವಿಡಿಯೊದಲ್ಲಿ ಯತೀಶನ ಎರಡು ಕೈಗಳು ಮಾತ್ರ ಕಾಣಿಸುತ್ತಿದ್ದವು. ಉಗುರಿನ ಸಂದಿಯಲ್ಲಿ ಗ್ರೀಸು, ಎಡಗೈ ಹೆಬ್ಬೆರಳ ಮೇಲೆ ಸುಟ್ಟ ಕಲೆ. ಕೈಗಳು ಜೀಪಿನ ಹಿಂಭಾಗದ ಡ್ರಾಯರನ್ನು ಎಳೆದು ತೋರಿಸಿ, ಮತ್ತೆ ಒಳಕ್ಕೆ ತಳ್ಳಿ, ಮರೆಯಾಗುತ್ತಿದ್ದವು. ಆಮೇಲೆ ಸಂತೋಷನ ಮುಖ.

"ಇದೆಲ್ಲ ನನ್ ತಲೇಲಿ ಹುಟ್ಟಿದ್ದು ಫ್ರೆಂಡ್ಸ್. ಬೆಸುಗೆ ಹಾಕಕೆ ನಮ್ ವೆಲ್ಡಿಂಗ್ ಐದ ಒಬ್ಬ ಅವ್ನೆ, ಅಷ್ಟೆ."

ಐದ. ಕೈಕೆಳಗಿನ ಹುಡುಗ. ಭಾರತೀನಗರದ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಸಂತೋಷನ ಡ್ರಾಯಿಂಗ್ ಶೀಟುಗಳನ್ನು ಬರೆದುಕೊಡುತ್ತಿದ್ದವನು ಯತೀಶನೇ. ಈಗ ಹನಕೆರೆಯ ರೈಲ್ವೆ ಸ್ಟೇಷನ್ನಿನ ಹತ್ತಿರ ಅವನದೊಂದು ಶೆಡ್ಡು. ಜೀಪಿನಲ್ಲಿ ದೂರದ ಊರುಗಳಿಗೆ ಹೋಗುವವರು ಅಲ್ಲಿಗೆ ಬಂದು ಸಾಮಾನು ಜೋಡಿಸಲು ಗೂಡು, ಡ್ರಾಯರು, ನೀರಿನ ಟ್ಯಾಂಕು ಮಾಡಿಸಿಕೊಂಡು ಹೋಗುತ್ತಿದ್ದರು. ಆದರೆ ಸಂತೋಷನ ಫೋರ್ ವೀಲ್ ಡ್ರೈವ್ ಜೀಪಿಗೆ ಮಾಡಿದ ಕೆಲಸವೇ ಬೇರೆ. ಹಿಂದಿನ ಸೀಟು ಕಿತ್ತು ಕೂರಿಸಿದ ಎರಡು ಉದ್ದನೆಯ ಡ್ರಾಯರು, ಪಕ್ಕಕ್ಕೆ ಮಡಚಿಕೊಂಡು ಹೊರಬರುವ ಒಲೆ, ಗಾಡಿ ಎಷ್ಟು ವಾಲಿದರೂ ತಾನಾಗಿ ಬಿಚ್ಚಿಕೊಳ್ಳದ ಕೊಂಡಿ. ಆ ಕೊಂಡಿಯೊಂದಕ್ಕೇ ಇಡೀ ಮಳೆಗಾಲ ಹಿಡಿದಿತ್ತು. ಈಗ ಬೆಂಗಳೂರಿನ ಕಂಪನಿಯೊಂದು ಅದನ್ನೇ ಸಾಲುಸಾಲಾಗಿ ಮಾಡಿ ಮಾರಲು ಹೊರಟಿತ್ತು. ಪ್ರತಿಯೊಂದರ ಮೇಲೂ ಸಂತೋಷನ ಹೆಸರು ಕೊರೆದಿರುತ್ತದಂತೆ.

ಯತೀಶ್ ಕೇಳಿದ್ದು ಒಂದೇ ಸಲ.

"ನನ್ನೆಸ್ರು ಎಲ್ಲಲಾ?"

"ನಿನ್ನೆಸ್ರು ಆಕುದ್ರೆ ಯಾರ್ಲಾ ತಕತಾರೆ? ಮಾತಾಡು ಅಂದ್ರೆ ತೊದ್ಲುತೀಯ, ಕ್ಯಾಮೆರಾ ಕಂಡ್ರೆ ಕಂಬದ್ ಇಂದೆ ನಿಂತ್ಕತೀಯ. ನಾನು ಮಕ, ನೀನು ಕೈ ಕಣ್ಲಾ. ಕೈಗೆ ಯಾರಾರ ಊವಿನ್ ಆರ ಆಕ್ತಾರಾ?"

ಸಂತೋಷ್ ನಕ್ಕು ಬೆನ್ನಿಗೊಂದು ಗುದ್ದಿದ. ಯತೀಶನೂ ನಕ್ಕ. ಹೆಸರು ಉಳಿಯಬೇಕಾದರೆ ಆ ಮುಖ ಇಲ್ಲವಾಗಬೇಕು ಎಂದು ಅವನಿಗೆ ಹೊಳೆದದ್ದು ಆ ನಗು ಮುಗಿಯುವುದರೊಳಗೆ.

ಯೋಜನೆಯ ಚೆಲುವೆಂದರೆ ಅದರಲ್ಲಿ ಯತೀಶನಿಗೆ ಕೆಲಸವೇ ಇರಲಿಲ್ಲ. ಈ ಕಸುಬಿನ ಮೊದಲ ಪಾಠ, ಭಾರ ಕೆಳಗೆ, ಹಗುರ ಮೇಲೆ. ಎರಡನೆಯದು, ಸಾಮಾನಿಗೂ ಮನುಷ್ಯರಿಗೂ ನಡುವೆ ಕಬ್ಬಿಣದ ಜಾಲರಿ. ಬ್ರೇಕು ಹಾಕಿದಾಗ ಗಾಡಿ ನಿಲ್ಲುತ್ತದೆ, ಸಾಮಾನು ನಿಲ್ಲುವುದಿಲ್ಲ. ಎರಡನ್ನೂ ಸಂತೋಷನೇ ಮುರಿದಿದ್ದ. ಹಿಂದಿನಿಂದ ಚಿತ್ರ ತೆಗೆದರೆ ತನ್ನ ಮುಖಕ್ಕೆ ಜಾಲರಿ ಅಡ್ಡ ಬರುತ್ತದೆ ಎಂದು ಅದನ್ನು ಬಿಚ್ಚಿಸಿ ಹಾಕಿದ್ದ. ಜಾಕು, ಎಳೆಯುವ ಸರಪಳಿ, ಸುತ್ತಿಗೆ, ಸ್ಪ್ಯಾನರುಗಳೆಲ್ಲ ತುಂಬಿದ, ಮುಚ್ಚಳವಿಲ್ಲದ ಉಕ್ಕಿನ ಪೆಟ್ಟಿಗೆಯನ್ನು ಡ್ರಾಯರಿನ ಮೇಲೆ, ಚಾಲಕನ ತಲೆಯ ಹಿಂದೆ ಇಡಬೇಕೆಂದು ಹಟ ಹಿಡಿದಿದ್ದ. ನೋಡಲು ಗತ್ತಾಗಿರುತ್ತದಂತೆ. ಆಗ ಯತೀಶ್ ಜಗಳಾಡಿದ್ದ. ಈಗ ಜಗಳ ನಿಲ್ಲಿಸಿದ.

"ಪೆಟ್ಗೆ ಮ್ಯಾಲೇ ಇರ್ಲಿ ಬುಡ್ಲಾ. ನೀನೇಳಿದ್ದೇ ಸರಿ," ಎಂದ.

"ಈಗ ಬುದ್ಧಿ ಬಂತು ನೋಡು ಮಗ."

ಆ ಪೆಟ್ಟಿಗೆಯನ್ನು ಹಿಡಿದಿಟ್ಟಿದ್ದುದು ಒಂದು ಕಿತ್ತಳೆ ಬಣ್ಣದ ನೈಲಾನ್ ಬೆಲ್ಟು. ಸಂತೋಷ್ ಅಂಥವನ್ನು ಒಂದು ಕಟ್ಟು ತರಿಸಿ ಸಾಮಾನಿಗೆಲ್ಲ ಬಿಗಿಸಿದ್ದ. ಹೆಚ್ಚಾಗಿ ಉಳಿದ ಒಂದು ಶೆಡ್ಡಿನಲ್ಲೇ ಬಿದ್ದಿತ್ತು. ಯತೀಶ್ ಅದನ್ನು ತಗಡಿನ ಮಾಡಿನ ಮೇಲೆ ಹಾಸಿದ. ಬೇಸಿಗೆ ಕಳೆಯಿತು, ಮಳೆ ಹೋಯಿತು, ಮತ್ತೆ ಬಿಸಿಲು ಬಂತು. ನೂಲು ಒಳಗೊಳಗೇ ಸತ್ವ ಕಳೆದುಕೊಂಡು ಲಡ್ಡಾಯಿತು. ಅದಕ್ಕೆ ಕತ್ತರಿ ತಾಗಿಸಲಿಲ್ಲ, ಆಸಿಡ್ ಮುಟ್ಟಿಸಲಿಲ್ಲ. ಪ್ರಯೋಗಾಲಯಕ್ಕೆ ಕಳಿಸಿದರೂ ಅವರಿಗೆ ಸಿಗುವುದು ಬಿಸಿಲೊಂದೇ. ಕೈಯಲ್ಲಿ ಜಗ್ಗಿದರೆ ತಡೆಯುತ್ತಿತ್ತು. ಪೆಟ್ಟಿಗೆಯ ಭಾರ ಒಮ್ಮೆ ಮುಂದಕ್ಕೆ ನುಗ್ಗಿದರೆ ತಡೆಯುವಂತಿರಲಿಲ್ಲ. ಕೊನೆಗೆ ಅದನ್ನಿಳಿಸಿ, ಸೋಪಿನ ನೀರಿನಲ್ಲಿ ತೊಳೆದು, ಗಾಡಿಯ ಚಿಂದಿಯಲ್ಲಿ ಸುತ್ತಿಟ್ಟ. ಬಣ್ಣ ತುಸು ಮಾಸಿತ್ತು. ಸಂತೋಷ್ ಗಾಡಿಯೊಳಗೆ ತನ್ನನ್ನು ಬಿಟ್ಟು ಬೇರೇನನ್ನೂ ನೋಡುವವನಲ್ಲ.

ದಾರಿಯನ್ನೂ ಸಂತೋಷನೇ ಆರಿಸಿಕೊಟ್ಟ. ರಾಮೇಶ್ವರದ ಕಡಲಿನವರೆಗೆ ಒಬ್ಬನೇ ಹೋಗುವುದೆಂದು ಊರಿಗೆಲ್ಲ ಸಾರಿದ್ದ. ಮದ್ದೂರು, ಭಾರತೀನಗರ, ಮಳವಳ್ಳಿ, ಕೊಳ್ಳೇಗಾಲ, ಆಮೇಲೆ ಘಟ್ಟ. ಅದು ಕಬ್ಬು ಅರೆಯುವ ಕಾಲ. ಭಾರತೀನಗರದ ಸುತ್ತ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರುಗಳು ಮನೆಯಗಲ ಕಬ್ಬು ಹೇರಿಕೊಂಡು ರಸ್ತೆಗೆ ಅಡ್ಡಡ್ಡ ತಿರುಗುತ್ತವೆ. ಅಲ್ಲಿ ಬ್ರೇಕು ಒತ್ತದೆ ದಾಟಿದವನಿಲ್ಲ. ದಾಟಿದರೂ ಮುಂದೆ ಘಟ್ಟದ ತಿರುವುಗಳಿದ್ದವು.

ಇನ್ನು ಸಾಕ್ಷಿ. ಅದನ್ನೂ ಸಂತೋಷನೇ ಕೊಡುತ್ತಿದ್ದ, ಬಿಟ್ಟಿಯಾಗಿ. ವಾರವಾರವೂ ಸಾವಿರಾರು ಜನರ ಮುಂದೆ "ಎಲ್ಲ ನಾನೇ" ಎನ್ನುತ್ತಿದ್ದ. ಹೆಸರು ಕದ್ದವನಿಗೆ ಹೊಣೆಯೂ ಸೇರುತ್ತದೆ. ಸತ್ತವನೇ ತನ್ನ ಬಾಯಾರೆ ತಪ್ಪೊಪ್ಪಿಕೊಂಡಿರುವ ಕೊಲೆ ಇನ್ನೆಲ್ಲಿ ಸಿಕ್ಕೀತು?

ಹೊರಡುವ ಹಿಂದಿನ ದಿನ, ಶುಕ್ರವಾರ, ಕೊತ್ತತ್ತಿಯ ಮನೆಯ ಮುಂದೆ ಗಾಡಿ ಪೂಜೆ. ಸಂತೋಷನ ಅಜ್ಜಿ ಸಣ್ಣತಾಯಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು. ಬಾನೆಟ್ಟಿಗೆ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಸಂತೋಷ್ ಜೀಪಿನ ಹಿಂದೆ ಫೋನು ನಿಲ್ಲಿಸಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಿದ್ದ.

"ಬಾರ್ಲಾ ಯತೀಸ," ಎಂದಳು ಅಜ್ಜಿ. "ಗಾಡಿ ಕಟ್ದೋನು ನೀನು. ಕಾಯಿ ನೀನೇ ಒಡಿ."

ಅಷ್ಟು ತಿಂಗಳಲ್ಲಿ ಆ ಮಾತು ಹೇಳಿದವಳು ಅವಳೊಬ್ಬಳೇ. ಯತೀಶನಿಗೆ ಅದು ಕೇಳಿಸಿತು. ಆದರೆ ಎಣ್ಣೆ ಹತ್ತಿದ ಬತ್ತಿ, ಹೊಗೆ, ಮಾಸಲು ತಟ್ಟೆ, ಎಲ್ಲದರ ಮೇಲೂ ಅವನಿಗೆ ಅಸಹ್ಯ ಹುಟ್ಟಿತು. ಕುಂಕುಮ ಇಟ್ಟರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ನಿಲ್ಲುವುದಿಲ್ಲ. ಬೋಲ್ಟು ಬಿಗಿಯಾಗಿದ್ದರೆ ದೇವರು ಬೇಕಿಲ್ಲ, ಸಡಿಲವಾಗಿದ್ದರೆ ದೇವರು ಸಾಲುವುದಿಲ್ಲ.

"ನಾನು ಇವ್ನೆಲ್ಲ ನಂಬಕಿಲ್ಲ ಅಜ್ಜಿ."

"ನೀನು ನಂಬ್ದಿದ್ರೆ ಕಾಯಿಗೇನು ಬ್ಯಾಸರಿಲ್ಲ ಕಣಪ್ಪ. ಒಡುದ್ರೆ ಒಡೀತದೆ."

ಜನ ನಕ್ಕರು. ಯತೀಶ್ ಬೀಡಿ ಹಚ್ಚಿಕೊಂಡು ನಾಲೆಯ ಏರಿಯ ಕಡೆ ನಡೆದ. ಬೆನ್ನ ಹಿಂದೆ ಗಂಟೆ ಆಡಿತು, ಕಾಯಿ ಒಡೆಯಿತು, ಸಂತೋಷನ ದನಿ ಕ್ಯಾಮೆರಾದ ಮುಂದೆ ಏರಿತು. ಅವನು ತಿರುಗಿಯೂ ನೋಡದೆ ನಾಲೆಯ ನೀರಿಗೆ ಉಗಿದ.

ಹಿಂದಿರುಗಿದಾಗ ಅಜ್ಜಿ ಗಾಡಿಯ ಕೀಯನ್ನೂ ಒಂದು ಹೋಳು ಕಾಯನ್ನೂ ಒಟ್ಟಿಗೇ ಅವನ ಕೈಗೆ ಹಾಕಿದಳು.

"ಎಲ್ಲ ಬಿಗಿಯಾಗದಾ ಅಂತ ಇನ್ನೊಂದ್ ಕಿತ ನೋಡ್ಬುಡು ಮಗ," ಎಂದ ಸಂತೋಷ್, ಫೋನಿನಿಂದ ತಲೆಯೆತ್ತದೆ. "ಟೈರ್ಗೂ ಗಾಳಿ ಒಡುಸ್ಕಂಡು ಬಾ. ನಾನೀ ವಿಡಿಯೊ ಆಕ್ಬುಟ್ಟು ಒಸಿ ಮನೀಕತೀನಿ."

ಹನಕೆರೆಯ ಶೆಡ್ಡಿನಲ್ಲಿ, ಬಾಗಿಲು ತೆರೆದಿಟ್ಟುಕೊಂಡೇ ಯತೀಶ್ ಕೆಲಸ ಮುಗಿಸಿದ. ಬಾಗಿಲು ಹಾಕಿದವನನ್ನು ಜನ ನೆನಪಿಡುತ್ತಾರೆ. ಒಳ್ಳೆಯ ಬೆಲ್ಟು ಬಿಚ್ಚಿ ಲಡ್ಡು ಬೆಲ್ಟು ಬಿಗಿದ. ಬಕ್ಕಲು ಟಕ್ಕೆಂದು ಕೂತಿತು. ಬೆರಳಿಗೆ ಕೆಂಪು ಹತ್ತಿತ್ತು. ಅಜ್ಜಿ ಪೆಟ್ಟಿಗೆಗೂ ಬಳಿದಿದ್ದಳು, ಜಾಕಿಗೂ ಬಳಿದಿದ್ದಳು. ಮುದುಕಿಯ ರಾಡಿ ಎಂದುಕೊಂಡು ಸೀಮೆಎಣ್ಣೆ ಹಾಕಿ ಉಜ್ಜಿ ತೊಳೆದುಕೊಂಡ. ವಾಪಸ್ಸು ಬರುವಾಗ ದಾರಿಯಲ್ಲಿದ್ದ ಆಲೆಮನೆಯ ಹತ್ತಿರ ನಿಲ್ಲಿಸಿ, ಬಿಸಿ ಬೆಲ್ಲ ಕೇಳುವ ನೆವದಲ್ಲಿ, ಸುರುಳಿ ಸುತ್ತಿದ ಒಳ್ಳೆಯ ಬೆಲ್ಟನ್ನು ಒಲೆಯ ಬಾಯಿಗೆ ಎಸೆದ. ಕಬ್ಬಿನ ಸಿಪ್ಪೆಯ ಉರಿ ಅದನ್ನು ಒಂದೇ ಗುಕ್ಕಿಗೆ ನುಂಗಿತು. ಅವನು ನಿಂತು ಬೆಲ್ಲ ತಿಂದ. ಚೆನ್ನಾಗಿತ್ತು.

ಸಂಜೆಗೆ ಪೂಜೆಯ ವಿಡಿಯೊ ಬಂತು. ಯತೀಶ್ ಫೋನನ್ನು ಬೆಂಚಿನ ಮೇಲಿಟ್ಟು, ಬೆಸುಗೆಯ ಗಾಜಿನ ಹಿಂದಿನಿಂದ, ಕಿಡಿಗಳ ನಡುವೆ ಆ ಮಾತಿಗಾಗಿ ಕಾದ. ಬಂತು. "ಪ್ಯಾಕಿಂಗ್ ಎಲ್ಲ ನಾನೇ ಫ್ರೆಂಡ್ಸ್. ಈ ಬೆಲ್ಟ್ ಕೂಡ ನಾನೇ ಬಿಗಿದಿರೋದು." ಅವನು ಅದನ್ನು ಮತ್ತೆ ಹಾಕಿ ಕೇಳಿದ. ಸಂಗೀತದ ಹಾಗಿತ್ತು.

ಶನಿವಾರ ಬೆಳಿಗ್ಗೆ ಸಂತೋಷ್ ಕೈ ಬೀಸಿಕೊಂಡು ಹೊರಟ. ಬಿಸಿಲೇರುವ ಹೊತ್ತಿಗೆ, ಭಾರತೀನಗರ ದಾಟಿ ಸ್ವಲ್ಪ ದೂರದಲ್ಲಿ, ಕಬ್ಬಿನ ಟ್ರ್ಯಾಕ್ಟರೊಂದು ಹೊಲದ ದಾರಿಯಿಂದ ರಸ್ತೆಗೆ ಬಿತ್ತು. ಸಂತೋಷ್ ಬ್ರೇಕು ಹಾಕಿದ್ದು ಸರಿಯಾಗಿಯೇ. ಜೀಪು ಟ್ರ್ಯಾಕ್ಟರಿಗೆ ತಾಕಲೇ ಇಲ್ಲ, ಮುಂದಿನ ಗಾಜಿನಲ್ಲಿ ಒಂದು ಗೀರೂ ಇರಲಿಲ್ಲ. ಇಳಿದು ಬಂದು ಬೈಯುವನೆಂದು ಟ್ರ್ಯಾಕ್ಟರಿನವನು ಕಾದನಂತೆ. ಯಾರೂ ಇಳಿಯಲಿಲ್ಲ.

ಯತೀಶ್ ಹೆಣ ಹೊತ್ತ. ಅಳು ಬರಲಿಲ್ಲವಾದರೂ ತಲೆ ತಗ್ಗಿಸಿಕೊಂಡಿರುವುದು ಅವನಿಗೆ ಮೊದಲಿನಿಂದ ರೂಢಿಯಿತ್ತು. ತಿಥಿಗೆ ಮೊದಲೇ ಬೆಂಗಳೂರಿನ ಕಂಪನಿಯವರು ಫೋನು ಮಾಡಿದರು. ಆ ಕೊಂಡಿಯ ವಿಚಾರ ಈಗ ಯಾರ ಹತ್ತಿರ ಮಾತಾಡಬೇಕು ಎಂದು ಕೇಳಿದರು. "ನನ್ನ ಹತ್ರ," ಎಂದ ಯತೀಶ್. ಒಂದಕ್ಷರವೂ ತೊದಲಲಿಲ್ಲ.

ಗಾಡಿಯಲ್ಲಿದ್ದ ಸಾಮಾನು ಬಿಡಿಸಿಕೊಳ್ಳಲು ಠಾಣೆಯಿಂದ ಕರೆ ಬಂದಾಗ ಸಂತೋಷನ ಅಪ್ಪ ತಿಮ್ಮಯ್ಯ ಹಾಸಿಗೆ ಬಿಟ್ಟು ಏಳಲಿಲ್ಲ. ಅಜ್ಜಿ ಹೊರಟು ನಿಂತಳು. ಯತೀಶ್ ತಾನೇ ಅವಳನ್ನು ಕರೆದುಕೊಂಡು ಹೋದ. ಠಾಣೆಯ ಅಂಗಳದಲ್ಲಿ ಟಾರ್ಪಾಲು ಹಾಸಿ ಎಲ್ಲವನ್ನೂ ಹರವಿದ್ದರು. ಸಬ್ ಇನ್‌ಸ್ಪೆಕ್ಟರ್ ಸಿದ್ದರಾಜು ಕೆಟ್ಟವನಲ್ಲ. ಮುದುಕಿಗೆ ಕುರ್ಚಿ ಹಾಕಿಸಿದ.

"ನಿಮ್ ಮೊಮ್ಮಗ ಭಾರಾನೆಲ್ಲ ಮೇಲೆ ಕಟ್ಟವ್ರೆ ಕಣಜ್ಜಿ. ಮಧ್ಯೆ ಜಾಲರಿ ಇಲ್ಲ. ಬೆಲ್ಟು ನೋಡುದ್ರೆ ಬಿಸಿಲಿಗೆ ಲಡ್ಡಾಗೋಗದೆ. ತಾನೇ ಬಿಗಿದದ್ದು ಅಂತ ವಿಡಿಯೊದಲ್ಲೂ ಯೋಳವ್ರೆ. ಯಾರ್ ಮೇಲೆ ಅಂತ ಕೇಸ್ ಮಾಡನ?"

"ನಾನು ಆಗ್ಲೇ ಯೋಳಿದ್ದೆ ಸಾರ್, ಭಾರ ಕೆಳಗಿರ್ಲಿ ಅಂತ," ಎಂದ ಯತೀಶ್. "ನನ್ ಮಾತು ಕೇಳ್ಲಿಲ್ಲ."

ಅಜ್ಜಿ ಕುರ್ಚಿ ಬಿಟ್ಟು ಟಾರ್ಪಾಲಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಒಂದೊಂದನ್ನೇ ಎತ್ತಿ, ಸವರಿ, ಪಕ್ಕಕ್ಕಿಟ್ಟಳು. ಒಲೆ, ಜಾಕು, ಸುತ್ತಿಗೆ, ನೀರಿನ ಕ್ಯಾನು. ಎಲ್ಲದರ ಮೇಲೂ ಅರಿಶಿನದ ಬೊಟ್ಟು, ಅದರ ನಡುವೆ ಕುಂಕುಮ. ಉಳಿದ ಕಿತ್ತಳೆ ಬೆಲ್ಟುಗಳನ್ನೂ ಹಾಗೆಯೇ ಎತ್ತಿದಳು; ನೈಲಾನಿಗೆ ಹತ್ತಿದ ಅರಿಶಿನ ಬಿಟ್ಟಿರಲಿಲ್ಲ. ಕೊನೆಗೆ ಹರಿದ ಬೆಲ್ಟಿನ ಎರಡು ತುಂಡನ್ನೂ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಸೆರಗಿನಿಂದ ಒರೆಸಿ ನೋಡಿದಳು. "ಇದು ಬ್ಯಾರೆ ಕಣಪ್ಪ," ಎಂದಳು. "ಪೆಟ್ಗೆ ಮ್ಯಾಲಿನ್ ಬೆಲ್ಟಿಗೆ ನಾನೇ ಬೊಟ್ಟಿಟ್ಟಿದ್ದೆ. ಇದ್ರಲ್ಲಿ ಎಲ್ಲದೆ?" ಸಿದ್ದರಾಜು ಫೋನು ತೆಗೆದು, ಮಾತು ಕೇಳಿಸದಂತೆ ಮಾಡಿ, ವಿಡಿಯೊ ಹಾಕಿದ. ಮಾತಿಲ್ಲದೆ ಬಾಯಾಡಿಸುವ ಸಂತೋಷನ ಮುಖದ ಹಿಂದೆ ಬಳೆ ತೊಟ್ಟ ಮುದಿ ಕೈಯೊಂದು ಬಂದು, ಪೆಟ್ಟಿಗೆಗೆ ಒಂದು, ಬೆಲ್ಟಿಗೆ ಒಂದು, ಅಚ್ಚುಕಟ್ಟಾಗಿ ಬೊಟ್ಟಿಟ್ಟು ಹೋಯಿತು. ಅವನು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದ. "ಪೂಜೆ ಆದ್ಮೇಲೆ ಗಾಡಿ ಯಾರ್ ಹತ್ರ ಇತ್ತಜ್ಜಿ?" ಸಣ್ಣತಾಯಮ್ಮ ಹರಿದ ಬೆಲ್ಟಿನಿಂದ ಕಣ್ಣೆತ್ತಲಿಲ್ಲ. "ಗಾಡಿ ಕಟ್ದೋನ್ ತಾವ," ಎಂದಳು. "ಕೀ ನಾನೇ ಕೊಟ್ಟೆ."